ಹ್ಯಾಮ್ಲೆಟ್ಟಿನ ಗುಂಡಿ ತೋಡುವವನು
(ಬಂಗಾರಪೇಟೆಯಲ್ಲಿ ಆಡಿದ ಮಾತು)



ಬಿ.ಎ.ಯಲ್ಲಿ 'ಹ್ಯಾಮ್ಲೆಟ್' ಹೇಳಿಕೊಟ್ಟ ಮೇಷ್ಟ್ರು ಐದನೇ ಅಂಕದ ಸ್ಮಶಾನಕ್ಕೆ ಬಂದಾಗ, 'ಇದು ಬರೀ ಹಾಸ್ಯ, ಮನೇಲಿ ಓದ್ಕೊಳ್ಳಿ' ಅಂದರು. ಓದಿದೆ. ಅಲ್ಲಿದ್ದವನು ನಮ್ಮ ತಾತ! ಊರ ತೋಟಿ, ಊರವರ ಗುಂಡಿಯನ್ನೆಲ್ಲ ತೋಡಿದವನು.

ನಾಟಕದಲ್ಲಿ ಗುಂಡಿ ತೋಡುವ ಇಬ್ಬರಿಗೂ ಹೆಸರಿಲ್ಲ. ಷೇಕ್ಸ್‌ಪಿಯರ್ ವಿದೂಷಕರು ಅಂತ ಬರೆದುಬಿಟ್ಟ. ಆದರೆ ಅವರ ಮಾತು ಕೇಳಿ. ಒಫೀಲಿಯಾ ನೀರಲ್ಲಿ ಮುಳುಗಿ ಸತ್ತವಳು. ತಾನಾಗಿ ಸತ್ತವರಿಗೆ ಚರ್ಚಿನ ಮಣ್ಣಿಲ್ಲ. ದೊಡ್ಡಮನೆ ಹೆಣ್ಣಲ್ಲದಿದ್ದರೆ ಇವಳಿಗೂ ಸಿಗುತ್ತಿರಲಿಲ್ಲ ಅಂತ ಅವರೇ ಆಡಿಕೊಳ್ತಾರೆ.

ಆಮೇಲೆ ರಾಜಕುಮಾರ ಬರ್ತಾನೆ. ಬುರುಡೆ ಹಿಡಿದು, ಅಲೆಕ್ಸಾಂಡರನೂ ಕೊನೆಗೆ ಮಣ್ಣೇ ಅಂತ ಚಿಂತಿಸ್ತಾನೆ. ಪಂಡಿತರು ಮೆಚ್ಚೋದು ಇದನ್ನೇ. ಸಾವಲ್ಲೂ ಸಮಾನತೆ ಇಲ್ಲ ಅಂತ ಗುಂಡಿಯೊಳಗಿದ್ದವನಿಗೆ ಆಗಲೇ ಗೊತ್ತು! ನಮ್ಮ ತಾತನನ್ನು ಹೂತದ್ದು ಕೆರೆಯಾಚೆ, ಬೇರೆ ಜಾಗದಲ್ಲಿ.

ಮೂವತ್ತು ವರ್ಷದ ಕಸುಬು, ಹಾಡ್ಕೊಂಡೇ ಅಗೀತಾನೆ. ಇವನಿಗೆ ಏನೂ ಅನ್ನಿಸೋಲ್ಲವಾ ಅಂತ ಹ್ಯಾಮ್ಲೆಟ್ ಕೇಳಿದರೆ, ಗೆಳೆಯ ಹೊರೇಷಿಯೋ ಅಭ್ಯಾಸಬಲ ಅಂತಾನೆ. ಅಭ್ಯಾಸವಂತೆ! ಕೆ.ಜಿ.ಎಫ್.ನಲ್ಲಿ, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ, ಬಂಡೆ ಸಿಡಿಯೋ ಕತ್ತಲಿಗೆ, ಆ ಕಾವಿಗೆ ಇಳಿದವರನ್ನ ಕೇಳಬೇಕಿತ್ತು. 2001ರಲ್ಲಿ ಗಣಿಯೂ ಮುಚ್ಚಿತು.

ರಾಜಕುಮಾರನಿಗೆ ಮಾತಿಗೆ ಮಾತು ಕೊಟ್ಟು ನಿಲ್ಲೋನು ಇವನು. ಯಾರ ಗುಂಡಿ ಅಂದರೆ ತನ್ನದೇ ಅಂತಾನೆ. ಹ್ಯಾಮ್ಲೆಟ್ ಮಾತ್ರ ಅವನ ಹೆಸರು ಕೇಳೋದಿಲ್ಲ.

ಕುವೆಂಪು 1932ರಲ್ಲಿ ಈ ನಾಟಕವನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಿದರು. ನಾವು ಬಂಗಾರಪೇಟೆಗೆ ತರೋಣ, ಐದನೇ ಅಂಕದಿಂದ ಶುರುಮಾಡಿ. ಗುದ್ದಲಿ ನಮ್ಮನೇಲೇ ಇದೆ.