ವರ ಸಭೆಯದು, ಫಲ ಊರಿನದು

ಮಂಗಳೂರು ಹೆಂಚನ್ನು ಕಾಣದವರು ಕನ್ನಡ ನಾಡಿನಲ್ಲಿ ವಿರಳ. ಆದರೆ ಆ ಹೆಂಚಿನ ಹಿಂದೆ ಒಂದು ಕ್ರೈಸ್ತ ಸಭೆಯ ಹೊಟ್ಟೆಪಾಡಿನ ಕಥೆಯಿದೆ ಎಂಬುದು ಅನೇಕರಿಗೆ ತಿಳಿಯದು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತಮತ ಸೇರಿದವರಲ್ಲಿ ಹಲವರು ಮನೆಯಿಂದ, ಜಾತಿಯಿಂದ ಹೊರಬಿದ್ದರು. ಅದರೊಂದಿಗೆ ಕುಲಕಸುಬೂ ಕೈತಪ್ಪಿತು. ಪ್ರಾರ್ಥನೆಯಿಂದ ಮನಸ್ಸಿಗೆ ಸಮಾಧಾನ ದೊರೆತೀತು, ಒಲೆ ಉರಿಯಬೇಕಲ್ಲ? ಆಗ ಮಿಷನ್ನು ಬೋಧಕರ ಜೊತೆಗೆ ಕಸುಬು ಬಲ್ಲವರನ್ನೂ ಕರೆಸಿಕೊಂಡಿತು. ನೇಯ್ಗೆ ಆರಂಭವಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದರು.

ಅಕ್ಷರ ಬಲ್ಲವರು ಅಕ್ಷರವನ್ನೇ ಕೊಟ್ಟರು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಯಿತು. ಅದನ್ನು ತೆರೆಯುವವನ ಮತ ಯಾವುದೆಂದು ಯಾರೂ ಕೇಳುವುದಿಲ್ಲ. ಅತ್ತ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡತೊಡಗಿದರು. ಅದೇ ಬೆಳೆದು ದೊಡ್ಡ ಆಸ್ಪತ್ರೆಯಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕೆಲಸ, ಕೂಲಿ, ಉಪದೇಶ ಎಲ್ಲವೂ ಒಂದೇ ಕೈಯಿಂದ ಬಂದಾಗ ಜನ ಆ ಕೈಯನ್ನೇ ನೆಚ್ಚಿಕೊಳ್ಳುತ್ತಾರೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ನಾಡು ಬಿಡಬೇಕಾಯಿತು; ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟವು. ಉಳಿದದ್ದು ಜನ ಕಲಿತ ಕಸುಬು. ಕರಾವಳಿಯ ಹೆಂಚಿನ ಉದ್ಯಮ ಆಮೇಲೂ ನಡೆಯಿತು.

ಆದ್ದರಿಂದ ಸಭೆಯ ಸೊತ್ತೆಂದರೆ ಕಟ್ಟಡವಲ್ಲ, ಕಾಣಿಕೆ ಡಬ್ಬಿಯಲ್ಲ, ಸಭಿಕರಲ್ಲಿರುವ ವರಗಳು. ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಭೆಯನ್ನು ದೇಹಕ್ಕೂ ಸಭಿಕರನ್ನು ಅಂಗಗಳಿಗೂ ಹೋಲಿಸಿದ್ದು ಇದನ್ನು ತಿಳಿಸಲೆಂದೇ. ಹಾಡುವವರಿಗೂ ಬೋಧಿಸುವವರಿಗೂ ಮಾತ್ರ ವರವಿದೆ ಎಂದು ತಿಳಿದ ಸಭೆ ಉಳಿದವರನ್ನು ಬೆಂಚಿನ ಮೇಲೆಯೇ ಕೂರಿಸಿಬಿಡುತ್ತದೆ. ನಿವೃತ್ತ ಶಿಕ್ಷಕರು ಸಂಜೆ ಪಾಠ ಹೇಳಬಹುದು. ದಾದಿಯೊಬ್ಬಳು ಹಾಸಿಗೆ ಹಿಡಿದವರ ಮನೆಗೆ ಹೋಗಿಬರಬಹುದು. ಲೆಕ್ಕ ಬಲ್ಲವನು ಮುದುಕಿಯ ಪಿಂಚಣಿ ಅರ್ಜಿ ತುಂಬಿಕೊಡಬಹುದು. ವಾರದಲ್ಲಿ ಆರು ದಿನ ಬೀಗ ಬಿದ್ದ ಸಭಾಭವನ ಓದುವ ಮಕ್ಕಳಿಗೆ ತೆರೆದಿರಬಹುದು.

ಇದಕ್ಕೆ ಎರಡು ನಿಯಮ ಸಾಕು. ಕೊಡುವ ಮೊದಲು ಊರಿಗೆ ಏನು ಬೇಕೆಂದು ಕೇಳಬೇಕು. ಕೊಟ್ಟ ಮೇಲೆ ಪ್ರತಿಫಲವಾಗಿ ಏನನ್ನೂ, ಮತವನ್ನೂ ಕೂಡ, ಕೇಳಬಾರದು.

ಒಂದು ಹೆಂಚು ಮಳೆ ತಡೆಯದು. ಒಂದರ ಅಂಚಿಗೆ ಇನ್ನೊಂದು ಕೂತಾಗಲೇ ಮಾಡಾಗುತ್ತದೆ. ಆ ಮಾಡಿನ ಕೆಳಗೆ ನಿಲ್ಲುವವರು ಯಾರೆಂದು ಹೆಂಚು ಕೇಳುವುದಿಲ್ಲ.