ಗೋಡೆಯೊಳಗಿನ ಕಲ್ನಾರು



ಕಲ್ನಾರು ಎಂಬ ಮಾತು ಈಗ ಪಠ್ಯಪುಸ್ತಕದಿಂದ ಆಚೆಗೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಊರಿನಲ್ಲಿ ನಾವು ಶೀಟು ಅನ್ನುತ್ತೇವೆ, ಆಸ್ಬೆಸ್ಟಾಸ್ ಶೀಟು. ಆದರೂ ನನಗೆ ಕಲ್ನಾರು ಎಂಬ ಹೆಸರೇ ಇಷ್ಟ. ಇದು ಕಲ್ಲೂ ಹೌದು, ನಾರೂ ಹೌದು. ನೆಲದಿಂದ ಅಗೆದ ಬಂಡೆ ಉಗುರಿಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲೂ ಇದು ಸಿಕ್ಕಿದ್ದುಂಟು.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಕೊಟ್ಟಿಗೆಗೆ ಹುಲ್ಲು ತೆಗೆದು ಶೀಟು ಹೊದಿಸಿದರು. ಕೆಲಸಕ್ಕೆ ಬಂದವರು ಅಂಗಳದಲ್ಲೇ ಗರಗಸ ಹಿಡಿದು ಶೀಟು ಕೊಯ್ದರು. ಹಿಟ್ಟಿನಂಥ ಬಿಳಿ ಪುಡಿ ಅವರ ಹುಬ್ಬಿನ ಮೇಲೆ, ತೋಳಿನ ಮೇಲೆ ಕೂತಿತ್ತು. ಸಂಜೆ ಅಮ್ಮ ಪೊರಕೆ ತಂದು ಆ ಪುಡಿಯನ್ನೆಲ್ಲ ಗುಡಿಸಿ ತಿಪ್ಪೆಗೆ ಹಾಕಿದರು. ನಾವು ಮಕ್ಕಳು ಬಿದ್ದ ಚೂರುಗಳಿಂದ ನೆಲದ ಮೇಲೆ ಕುಂಟೆಬಿಲ್ಲೆ ಗೆರೆ ಎಳೆದೆವು. ಅದರಲ್ಲಿ ಏನಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಕೊಯ್ದವರಿಗೂ ಯಾರೂ ಹೇಳಿರಲಿಲ್ಲ.

ಹಳೆಯ ಕಟ್ಟಡವನ್ನು ಮುಟ್ಟುವ ಮೊದಲು ಅದರಲ್ಲಿ ಕಲ್ನಾರು ಎಲ್ಲೆಲ್ಲಿದೆ ಎಂದು ಹುಡುಕಿ ಬರೆದಿಡುವ ಕೆಲಸಕ್ಕೆ ಆಸ್ಬೆಸ್ಟಾಸ್ ಸರ್ವೆ ಎಂದು ಹೆಸರು. ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಇದೆ. ಆ ಕಾನೂನು ಬರುವುದಕ್ಕೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಆ ನೂರು ವರ್ಷದ ಕಥೆಯನ್ನೇ ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಬೆಂಕಿಗೆ ಸುಡದ ಈ ನಾರು ಮನುಷ್ಯನಿಗೆ ಮೊದಲಿನಿಂದಲೂ ಸೋಜಿಗ. ಅಥೆನ್ಸಿನ ಗುಡಿಯೊಂದರಲ್ಲಿ ಚಿನ್ನದ ದೀಪವಿತ್ತು, ಅದರ ಬತ್ತಿ ಸುಟ್ಟುಹೋಗದ ಕಲ್ಲಿನ ನಾರಿನದು ಎಂದು ಗ್ರೀಕ್ ಯಾತ್ರಿಕ ಪೌಸೇನಿಯಸ್ ಬರೆದಿದ್ದಾನೆ. ಉಗಿಯಂತ್ರಗಳ ಕಾಲ ಬಂದಾಗ ಆ ಸೋಜಿಗ ಸರಕಾಯಿತು. ಬಾಯ್ಲರಿಗೆ ಸುತ್ತಲು, ಕೊಳವೆಗೆ ಹೊದಿಸಲು ಇದಕ್ಕಿಂತ ಒಳ್ಳೆಯ ವಸ್ತು ಯಾರಿಗೂ ಕಾಣಲಿಲ್ಲ.

1898ರಲ್ಲಿ ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ ಕಲ್ನಾರಿನ ಧೂಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಿಸಿದರು. ಒಡೆದ ಗಾಜಿನಂತೆ ಮೊನಚಾದ ಕಣಗಳು ಕಂಡವು. ಇದು ಗಾಳಿಯಲ್ಲಿ ತೇಲಿದರೆ ಉಸಿರಾಡುವವರಿಗೆ ಕೆಡುಕು ಎಂದು ಸರ್ಕಾರಿ ವರದಿಯಲ್ಲೇ ಬರೆದರು. ಮರುವರ್ಷ ಲಂಡನ್ನಿನ ವೈದ್ಯ ಮಾಂಟೇಗ್ ಮರ್ರೆ ಅವರ ಬಳಿಗೆ ಉಸಿರು ಕಟ್ಟಿದ ಕೆಲಸಗಾರನೊಬ್ಬ ಬಂದ. ತನ್ನ ಕೋಣೆಯಲ್ಲಿ ಹತ್ತು ಜನ ಕೆಲಸಕ್ಕಿದ್ದರು, ಈಗ ಉಳಿದಿರುವವನು ನಾನೊಬ್ಬನೇ ಎಂದ. ಅವನೂ ಉಳಿಯಲಿಲ್ಲ.

ಅದೇ ಹೊತ್ತಿಗೆ, 1901ರಲ್ಲಿ, ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಎಂಬಾತ ಸಿಮೆಂಟಿಗೆ ಈ ನಾರು ಬೆರೆಸಿ ತೆಳ್ಳಗಿನ ಹಲಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ತಲೆಯ ಮೇಲಿನ ಶೀಟಿನ ಮೂಲಪುರುಷ ಅವನು. ಅಲ್ಲಿಂದ ಕಲ್ನಾರು ಕಾರ್ಖಾನೆ ದಾಟಿ ಮನೆ, ಶಾಲೆ, ಆಸ್ಪತ್ರೆ, ಅಂಗಡಿ, ಕಚೇರಿಗಳ ಒಳಹೊಕ್ಕಿತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಅವಸರ ಅವಸರವಾಗಿ ಕಟ್ಟಡಗಳು ಏಳುವಾಗಂತೂ ಅದಕ್ಕೆ ಲೆಕ್ಕವೇ ಇರಲಿಲ್ಲ. ಉಕ್ಕಿನ ಕಂಬಕ್ಕೆ ಬೆಂಕಿ ತಗುಲದಿರಲೆಂದು ಕಲ್ನಾರಿನ ಹಲಗೆ ಹೊದಿಸಿದರು. ತೊಲೆಗಳಿಗೆ ಅದನ್ನೇ ನೀರಿನಲ್ಲಿ ಕಲಸಿ ಎರಚಿದರು. ನೆಲದ ಟೈಲು, ಚಾವಣಿಯ ಉಬ್ಬುಬಣ್ಣ, ನೀರಿನ ತೊಟ್ಟಿ, ಬಾಗಿಲ ಹಲಗೆ, ಕೊನೆಗೆ ಶೌಚಾಲಯದ ನೀರಿನ ಪೆಟ್ಟಿಗೆಯಲ್ಲೂ ಅದೇ. ಮೇಲೆ ಬಣ್ಣ ಬಳಿದ ಮೇಲೆ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳಲು ಯಾವ ಕಣ್ಣಿಗೂ ಸಾಧ್ಯವಿರಲಿಲ್ಲ.

ಕಾಯಿಲೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ ತೀರಿಕೊಂಡಾಗ ಅವಳಿಗೆ ಬರೀ 33 ವರ್ಷ. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಮುಂದೆ ಆ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂದು ಹೆಸರಿಟ್ಟರು. ಡಾಕ್ಟರ್ ಮೆರೆವೆದರ್ 363 ಕೆಲಸಗಾರರನ್ನು ಪರೀಕ್ಷಿಸಿ 1930ರಲ್ಲಿ ವರದಿ ಕೊಟ್ಟರು; 95 ಜನರ ಶ್ವಾಸಕೋಶ ಗಟ್ಟಿಯಾಗಿತ್ತು. ಮರುವರ್ಷ ಕಾನೂನು ಬಂತು. ಆದರೆ ಅದು ಕಾರ್ಖಾನೆಯ ಧೂಳಿಗೆ ಕಟ್ಟಿದ ಬೇಲಿ. ಅಲ್ಲಿಂದ ಹೊರಬಿದ್ದ ಹಲಗೆಯನ್ನು ಊರೂರಲ್ಲಿ ಕೊಯ್ದು ಜೋಡಿಸುವ ಬಡಗಿ ಆ ಬೇಲಿಯ ಆಚೆಗೇ ಉಳಿದ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಇದೇ.

1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೊಂದು ಸುದ್ದಿ ಬಂತು. ಕಲ್ನಾರಿನ ಬಗೆಗಳಲ್ಲಿ ಒಂದಾದ ನೀಲಿ ಕಲ್ನಾರಿನ ಅಲ್ಲಿನ ಗಣಿಗಳ ಸೀಮೆಯಲ್ಲಿ ಶ್ವಾಸಕೋಶದ ಪೊರೆಗೆ ಬರುವ ಅಪರೂಪದ ಕ್ಯಾನ್ಸರು, ಮೆಸೊಥೆಲಿಯೋಮಾ, 33 ಜನರಲ್ಲಿ ಕಂಡಿತ್ತು. ಎಲ್ಲರೂ ಗಣಿಗೆ ಇಳಿದವರಲ್ಲ. ಗಣಿಯ ಹತ್ತಿರ ವಾಸವಿದ್ದದ್ದಷ್ಟೇ ಕೆಲವರ ಪಾಲಿನ ಕಾರಣ. ಐದು ವರ್ಷದ ನಂತರ ಲಂಡನ್ನಿನಲ್ಲೂ ಇದೇ ತೇಲಿತು. ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯರು, ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ಬಾಳಿದವರು ಆ ಪಟ್ಟಿಯಲ್ಲಿದ್ದರು. ಉಸಿರಿನಲ್ಲಿ ಒಳಹೋದ ನಾರು ಮೂವತ್ತು, ನಲವತ್ತು ವರ್ಷ ಸುಮ್ಮನಿದ್ದು ಆಮೇಲೆ ಏಳುತ್ತದೆ. ಇದನ್ನು ಓದಿದ ದಿನ ನನಗೆ ಅಮ್ಮನ ಪೊರಕೆ ನೆನಪಾಯಿತು.

1985ರಲ್ಲಿ ಬ್ರಿಟನ್ ನೀಲಿ ಮತ್ತು ಕಂದು ಕಲ್ನಾರನ್ನು ನಿಷೇಧಿಸಿತು, 1999ರಲ್ಲಿ ಬಿಳಿಯದನ್ನೂ. ಹೊಸದು ಬರುವ ಬಾಗಿಲು ಮುಚ್ಚಿತು. ಆಗಲೇ ಗೋಡೆಯೊಳಗೆ ಕೂತಿದ್ದನ್ನು ಏನು ಮಾಡುವುದು? 1995ರಲ್ಲಿ ಬ್ರಿಟನ್ನಿನ ಸಂಶೋಧಕ ಜೂಲಿಯನ್ ಪೀಟೋ ಮತ್ತು ಸಂಗಡಿಗರು ಮೆಸೊಥೆಲಿಯೋಮಾದಿಂದ ಸತ್ತವರ ಕಸುಬುಗಳನ್ನು ಪಟ್ಟಿಮಾಡಿ ನೋಡಿದಾಗ ಕಟ್ಟಡದ ಕೆಲಸದವರೇ ದೊಡ್ಡ ಗುಂಪಾಗಿ ಕಂಡರು. ಕೊಳಾಯಿ ರಿಪೇರಿಯವರು, ಬಡಗಿಗಳು, ಎಲೆಕ್ಟ್ರಿಷಿಯನ್ನರು. ಡ್ರಿಲ್ಲು ಗೋಡೆಗೆ ಇಟ್ಟಾಗ ಹಾರಿದ ಪುಡಿ ಯಾವುದೆಂದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಲೂಸಿ ಡೀನ್‌ಗೆ 1898ರಲ್ಲೇ ಗೊತ್ತಿದ್ದದ್ದು ಡ್ರಿಲ್ಲು ಹಿಡಿದ ಕೈಗೆ ತಲುಪಿರಲಿಲ್ಲ.

ಆ ತಿಳಿವನ್ನು ತಲುಪಿಸಲೆಂದೇ ಸರ್ವೆ ಹುಟ್ಟಿತು. 2002ರ ನಿಯಮ 2004ರ ಮೇ ತಿಂಗಳಿಂದ ಪೂರ್ತಿ ಜಾರಿಗೆ ಬಂದು, ಅಂಗಡಿ, ಕಚೇರಿ, ಶಾಲೆಗಳ ಉಸ್ತುವಾರಿ ಹೊತ್ತವರು ತಮ್ಮ ಕಟ್ಟಡದಲ್ಲಿ ಕಲ್ನಾರು ಎಲ್ಲಿದೆ ಎಂದು ತಿಳಿದಿರಲೇಬೇಕು ಎಂದಾಯಿತು. ಸರ್ವೆಯಲ್ಲಿ ಎರಡು ಬಗೆ. ಜನ ಓಡಾಡುತ್ತಿರುವ ಕಟ್ಟಡದಲ್ಲಿ ಹೆಚ್ಚು ಕೆದಕದೆ, ಕೈಗೆ ನಿಲುಕುವ ಜಾಗಗಳನ್ನೆಲ್ಲ ನೋಡುವುದು ಒಂದು. ಕಟ್ಟಡವನ್ನು ಒಡೆಯುವ ಅಥವಾ ಬದಲಿಸುವ ಮೊದಲು ಆ ಭಾಗದಿಂದ ಜನರನ್ನು ಹೊರಗೆ ಕಳಿಸಿ ಗೋಡೆ, ನೆಲ, ಚಾವಣಿ ಬಿಚ್ಚಿ ನೋಡುವುದು ಇನ್ನೊಂದು.

ಅನುಮಾನದ ಜಾಗವನ್ನು ಮೊದಲು ಒದ್ದೆ ಮಾಡುತ್ತಾರೆ. ಚಿಕ್ಕ ಚೂರು ತೆಗೆದು ಎರಡು ಚೀಲಗಳಲ್ಲಿ ಭದ್ರ ಮಾಡಿ, ತೆಗೆದ ತಾಣಕ್ಕೆ ತೇಪೆ ಹಾಕುತ್ತಾರೆ. ಪ್ರಯೋಗಶಾಲೆಯಲ್ಲಿ ಆ ಎಳೆಯನ್ನು ವಿಶೇಷ ದ್ರವದ ಹನಿಯಲ್ಲಿಟ್ಟು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಬಿಳಿ ಕಲ್ನಾರಿನ ಗುಂಗುರು ಎಳೆ, ನೀಲಿ ಮತ್ತು ಕಂದಿನ ನೆಟ್ಟಗಿನ ಎಳೆ ತಮ್ಮ ತಮ್ಮ ಬಣ್ಣಗಳಿಂದ ಗುರುತು ಕೊಡುತ್ತವೆ. ವಸ್ತು ಯಾವುದು, ಎಷ್ಟು ಕೆಟ್ಟಿದೆ, ಮೇಲೆ ಹೊದಿಕೆ ಇದೆಯೇ, ನಾರು ಯಾವ ಬಗೆ ಎಂಬ ನಾಲ್ಕಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಒಟ್ಟು 12ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾರು ಸುಲಭವಾಗಿ ಹಾರುತ್ತದೆ ಎಂದರ್ಥ. ನೋಡಲಾಗದ ಜಾಗದಲ್ಲಿ ಕಲ್ನಾರು ಇದೆ ಎಂದೇ ಹಿಡಿಯಬೇಕು, ಇಲ್ಲ ಎಂದು ಬರೆಯಬೇಕಾದರೆ ಗಟ್ಟಿ ಆಧಾರ ಬೇಕು. ಈ ನಿಯಮದ ಬಗ್ಗೆ ನನಗೆ ತುಂಬ ಗೌರವ. ಸಿಕ್ಕಿದ್ದನ್ನೆಲ್ಲ ಕಿತ್ತು ಹಾಕುವುದಿಲ್ಲ ಎಂಬುದನ್ನೂ ಗಮನಿಸಿ. ಗಟ್ಟಿಯಾಗಿ, ಕದಡದೆ ಇರುವುದನ್ನು ಅಲ್ಲೇ ಬಿಟ್ಟು, ಪಟ್ಟಿಯಲ್ಲಿ ಬರೆದು, ಆಗಾಗ ನೋಡಿಕೊಳ್ಳುತ್ತಾರೆ. ಕೆಲಸಕ್ಕೆ ಬಂದವರಿಗೆ ಮೊದಲು ಆ ಪಟ್ಟಿ ತೋರಿಸಬೇಕು. ಖಾಸಗಿ ಮನೆಗಳಿಗೆ ಈ ಕಡ್ಡಾಯವಿಲ್ಲ. ಫ್ಲ್ಯಾಟುಗಳ ಮೆಟ್ಟಿಲು, ಓಣಿಗಳಿಗೆ ಇದೆ. ಮನೆಗಳನ್ನು ಬಿಟ್ಟದ್ದು ಒಂದು ಕೊರತೆಯೆಂದೇ ನನ್ನ ಭಾವನೆ.

ಲೆಕ್ಕ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ನಮ್ಮ ದೇಶವೂ ಕಂಡಿದೆ. ಫ್ರಾನ್ಸಿನ ಹಳೆಯ ಯುದ್ಧನೌಕೆ ಕ್ಲೆಮನ್ಸೋ ಒಡೆಯುವುದಕ್ಕೆಂದು ಗುಜರಾತಿನ ಅಲಂಗ್ ಕಡೆಗೆ ಹೊರಟಿತ್ತು. ಅದರೊಳಗೆ ಕಲ್ನಾರು ಎಷ್ಟು ಉಳಿದಿದೆ ಎಂಬ ಲೆಕ್ಕಗಳು ಒಂದಕ್ಕೊಂದು ಹೊಂದಲೇ ಇಲ್ಲ. 2006ರ ಫೆಬ್ರುವರಿಯಲ್ಲಿ ಅಧ್ಯಕ್ಷ ಶಿರಾಕ್ ಅದನ್ನು ವಾಪಸು ಕರೆಸಿಕೊಂಡರು.

ನಮ್ಮಲ್ಲಿ ಬಿಳಿ ಕಲ್ನಾರಿನ ಶೀಟು ಇವತ್ತಿಗೂ ನಿಷಿದ್ಧವಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಹೇಳಿತು. ರೋಗ ಎಷ್ಟು ನಿಧಾನ ಎಂಬುದನ್ನು ಅರಿತ ತೀರ್ಪು ಅದು.

ಮೊನ್ನೆ ಬೇಸಿಗೆಯಲ್ಲಿ ನಮ್ಮ ಹಳೆಯ ಕೊಟ್ಟಿಗೆ ಇಳಿಸಬೇಕಾಯಿತು. ಬಂದ ಇಬ್ಬರು ಹುಡುಗರಿಗೆ ಇಷ್ಟೂ ಕಥೆ ಹೇಳಿದೆ. ಸುತ್ತಿಗೆ ಬದಿಗಿಟ್ಟರು. ಮೂಗಿಗೆ ಒಳ್ಳೆಯ ಮಾಸ್ಕು ಕಟ್ಟಿ, ಶೀಟಿಗೆ ನೀರು ಚಿಮುಕಿಸಿ, ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಹದಿನಾಲ್ಕು ಶೀಟುಗಳನ್ನು ಒಡೆಯದೆ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಎರಡು ದಿನ ಹಿಡಿಯಿತು. ಬಚ್ಚಲುಮನೆಯ ಮೇಲೆ ಇನ್ನೂ ಆರು ಇವೆ, ಹೊಗೆಕೊಳವೆಯೂ ಅದರದ್ದೇ. ಅಷ್ಟನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು, ಕಂದಾಯದ ರಸೀತಿಗಳಿರುವ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.