ಫಟಫಟಿಯ ಹಳೆಯ ಬಳಗ

ನಿಮ್ಮ ಓಣಿಯಲ್ಲಿ ಇನ್ನೂ ಒಂದು ಯೆಜ್ಡಿ ಉಳಿದಿದ್ದರೆ, ಮುಂಜಾನೆ ಅದಕ್ಕೆ ಕಿಕ್ಕು ಹೊಡೆಯುವವರ ತಲೆಯನ್ನೊಮ್ಮೆ ನೋಡಿರಿ. ನರೆತಿರುತ್ತದೆ. ನಮ್ಮ ರಟ್ಟೀಹಳ್ಳಿಯಲ್ಲಂತೂ ಹಾಗೆಯೇ. ಮಹಾನವಮಿಯ ಖಂಡೇಪೂಜೆಯ ದಿನ ಗಾಡಿ ತೊಳೆದು, ಹಾರ ಹಾಕಿ, ಕುಮುದ್ವತಿಯ ದಂಡೆಯವರೆಗೆ ಸಾಲಾಗಿ ಹೋಗಿಬರುವ ಬಳಗವೊಂದು ನಮ್ಮಲ್ಲುಂಟು. ಮೊದಲು ಹನ್ನೊಂದು ಜನರಿದ್ದೆವು; ಕಳೆದ ಸಲ ನಾಲ್ವರು. ಆ ನಾಲ್ವರಲ್ಲಿ ಐವತ್ತನಾಲ್ಕರ ನಾನೇ ಕಿರಿಯ!

ನಮ್ಮ ಕಡೆಯ ಹಿರಿಯರು ಮೋಟರ್ ಸೈಕಲ್ಲಿಗೆ ಫಟಫಟಿ ಎನ್ನುತ್ತಿದ್ದರು. ತರಗತಿಯಲ್ಲಿ ಅನುಕರಣಾವ್ಯಯದ ಪಾಠ ಬಂದಾಗ ನಾನು ಇದನ್ನು ಹೇಳುವುದುಂಟು. ಈಗಿನ ಹುಡುಗರು ನಗುತ್ತಾರೆ. ಅವರ ಗಾಡಿಗಳು ಹಾಗೆ ಸದ್ದು ಮಾಡುವುದಿಲ್ಲವಾದುದರಿಂದ ಆ ಹೆಸರಿಗೆ ಅರ್ಥವೇ ಹೋಗಿಬಿಟ್ಟಿದೆ.

ಈ ಗಾಡಿ ನಮ್ಮ ನಾಡಿನದೇ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಆಗಿನ ಚೆಕೊಸ್ಲೊವಾಕಿಯದ ಜಾವಾ ಗಾಡಿಗಳ ತಯಾರಿಕೆ ಮೊದಲಾಯಿತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದೇ ವರ್ಷ ನಾನೊಂದು ಹಳೆಯ ರೋಡ್‌ಕಿಂಗ್ ಕೊಂಡೆ. ತವರು ಮುಚ್ಚಿದ ಮೇಲೆ ಸೊಸೆಯನ್ನು ಮನೆ ತುಂಬಿಸಿಕೊಂಡೆನೆಂದು ಗೆಳೆಯರು ಹಾಸ್ಯ ಮಾಡಿದ್ದರು.

ಅದರ ಗುಣವನ್ನು ಸ್ವಲ್ಪ ಹೇಳುತ್ತೇನೆ, ಬೇಸರಿಸಬೇಡಿರಿ. ಕಿಕ್ಕಿಗೂ ಗಿಯರಿಗೂ ಒಂದೇ ಸನ್ನೆ. ಒಳಕ್ಕೆ ಒತ್ತಿ ತಿರುವಿ ನಿಲ್ಲಿಸಿದರೆ ಕಿಕ್ಕು. ಗಾಡಿ ಎದ್ದ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗಿಯರು. ಸಿಲಿಂಡರು ಒಂದು, ಸೈಲೆನ್ಸರು ಎರಡು. ಲೀಟರು ಪೆಟ್ರೋಲಿಗೆ ಸುಮಾರು 40 ಮಿಲಿಲೀಟರು ಆಯಿಲ್ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗು ಮಸಿಗಟ್ಟುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಾದುದರಿಂದ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊಗೆಯ ಜೊತೆ ಹೊರಬೀಳುತ್ತದೆ. ಯಾವ ಸದ್ದಿಗೆ ಯಾವ ರೋಗವೆಂದು ಕಿವಿಯಿಂದಲೇ ತಿಳಿಯಬೇಕು. ಅದೇ ನಮಗೆ ಅಭಿಮಾನ. ಹುಡುಗರಿಗೆ ಅದೇ ತಲೆನೋವು.

ಹುಡುಗರು ಮೆತ್ತಗಾದರು, ಮೊಬೈಲಿಗೆ ಅಂಟಿಕೊಂಡರು ಎಂದು ನಮ್ಮ ಬಳಗದವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ರಾಣೇಬೆನ್ನೂರಿನ ಹಾದಿಯಲ್ಲಿ ಸಂಜೆ ನಿಂತು ನೋಡಿರಿ, ಗಾಡಿಯ ಮೇಲೆ ಇರುವವರು ಹುಡುಗರೇ. ಅವರು ಬಿಟ್ಟದ್ದು ಗಾಡಿಯನ್ನಲ್ಲ, ನಮ್ಮ ಗಾಡಿಯನ್ನು. 1985ರಲ್ಲಿ ಹೀರೋ ಹೋಂಡಾದ ನಾಲ್ಕು ಸ್ಟ್ರೋಕಿನ ಗಾಡಿ ಬಂದು, ಅರ್ಧ ಪೆಟ್ರೋಲಿನಲ್ಲಿ ಅಷ್ಟೇ ದೂರ ಒಯ್ಯತೊಡಗಿದಾಗಲೇ ಲೆಕ್ಕ ತೀರಿತ್ತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸುವ ಶುಲ್ಕವೂ 2022ರ ಏಪ್ರಿಲಿನಲ್ಲಿ 300 ರೂಪಾಯಿಯಿಂದ 1000ಕ್ಕೆ ಏರಿತು. 2022ರಲ್ಲಿ ಯೆಜ್ಡಿಯ ಹೆಸರು ಮತ್ತೆ ಪೇಟೆಗೆ ಬಂದದ್ದೇನೋ ನಿಜ. ಅದು ನಾಲ್ಕು ಸ್ಟ್ರೋಕಿನ, ಗುಂಡಿ ಒತ್ತಿದರೆ ಏಳುವ ಬೇರೆಯೇ ಗಾಡಿ.

ನಮ್ಮ ಗಾಡಿಗಳನ್ನೆಲ್ಲ ನೋಡಿಕೊಳ್ಳುವವನು ಒಬ್ಬನೇ ಮಿಸ್ತ್ರಿ. ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ. ಅವನು ನಿಂತರೆ ನಾವೂ ನಿಂತೆವು. ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದು, ಕಾಕಾನ ಹತ್ತಿರ ಕೂತು ಕಲಿ ಎಂದೆ. ಅವನು ವಿನಯದಿಂದಲೇ, "ಸರ್, ನಮ್ಮ ತಾಲ್ಲೂಕಿನ್ಯಾಗ ಇಂಥಾ ಗಾಡಿ ಎಷ್ಟ ಅದಾವ್ರಿ? ಇದನ್ನ ಕಲತು ನಾ ಏನ ಉಣ್ಣಲ್ರಿ?" ಎಂದ. ಈಗ ಶೋರೂಮೊಂದರಲ್ಲಿ ಕೆಲಸಕ್ಕಿದ್ದಾನೆ. ನನ್ನ ಬಳಿ ಉತ್ತರವಿರಲಿಲ್ಲ.

ಅದಿರಲಿ. ಇನ್ನೊಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ನನ್ನ ಮಗ ಎಂಟನೆಯ ತರಗತಿಯಲ್ಲಿದ್ದಾಗ, ನಾನಿಲ್ಲದ ಹೊತ್ತು ಕಾರ್ಬ್ಯುರೇಟರು ಬಿಚ್ಚಿದ್ದ. ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟಿದ್ದ, ಪಾಪ. ನಾನು ಅದನ್ನು ನೋಡಲಿಲ್ಲ, ಕೆನ್ನೆಗೆ ಬಾರಿಸಿದೆ. ಅವನು ಮತ್ತೆಂದೂ ಗಾಡಿಯ ಹತ್ತಿರ ಬರಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ಸ್ಕೂಟರು ಓಡಿಸುತ್ತಾನೆ. ಊರಿಗೆ ಬಂದಾಗಲೆಲ್ಲ, "ಅಪ್ಪಾ, ಮಾರಿಬಿಡ್ರಿ ಅದನ್ನ" ಎನ್ನುತ್ತಾನೆ. ಬಳಗದ ಉಳಿದ ಮೂವರನ್ನು ಕೇಳಿದೆ. ಮಕ್ಕಳಿಗೆ ಮುಟ್ಟಬೇಡ ಎಂದು ಗದರದವರು ಅವರಲ್ಲಿ ಒಬ್ಬರೂ ಇಲ್ಲ.

ಈಗ ರವಿವಾರ ಮುಂಜಾನೆ ಗಾಡಿ ಬಿಚ್ಚುವಾಗ ತಲಬಾಗಿಲು ತೆರೆದಿಡುತ್ತೇನೆ. ಎದುರು ಮನೆಯ ಹುಡುಗಿ ಬಂದು ನೋಡುತ್ತ ನಿಲ್ಲುತ್ತಾಳೆ. ಮೊನ್ನೆ ಪಾನಾ ಅವಳ ಕೈಗೇ ಕೊಟ್ಟೆ. ಪ್ಲಗ್ಗನ್ನು ಓರೆಯಾಗಿ ಕೂರಿಸಿ ತ್ರೆಡ್ಡು ಕೆಡಿಸಿಬಿಟ್ಟಳು. ನಾನು ಸುಮ್ಮನಿದ್ದೆ, ಸುಲಭವಾಗಿರಲಿಲ್ಲ. ನಾಳೆ ಗಾಡಿಯನ್ನು ಮಿಸ್ತ್ರಿಯ ಬಳಿ ನೂಕಿಕೊಂಡು ಹೋಗಬೇಕು. ಅವಳೂ ಬರುತ್ತೇನೆಂದಿದ್ದಾಳೆ. ಬೈಗುಳ ನನಗೇ ಬೀಳುವುದು.